ಕಡಲ ಮೀನಿನ ಫೋಟೋ

ಮದುವೆಯಾಗಿ ಒಂಬತ್ತು ವರ್ಷವಾದರೂ ನಮ್ಮ ಯಜಮಾನರು ನನ್ನದೊಂದು ಫೋಟೋ ತೆಗೆಸಿದವರಲ್ಲ. ಮೀನಿಗೆ ಮಾತ್ರ ಸಾಗರ ಪೇಟೆಯಿಂದ ಫೋಟೋಗ್ರಾಫರನ್ನೇ ಕರೆಸಿದರು.

ಅವರು ಕಾರ್ಗಲ್ಲಿನಲ್ಲಿ ಅಣೆಕಟ್ಟಿನ ಕೆಲಸದ ಓವರ್‌ಸಿಯರ್. ನಮ್ಮ ಕ್ವಾರ್ಟರ್ಸಿನ ಹಾಲಿನಲ್ಲಿ ಒಂದು ಗಾಜಿನ ತೊಟ್ಟಿ, ಅದಕ್ಕೆ ಹೊನ್ನಾವರದಿಂದ ಬಸ್ಸಿನ ಮೇಲೆ ಡಬ್ಬಗಟ್ಟಲೆ ತಂದ ಸಮುದ್ರದ ನೀರು, ಅದರೊಳಗೆ ಹೆಬ್ಬೆರಳುದ್ದದ ಒಂದೇ ಒಂದು ಪಟ್ಟೆಪಟ್ಟೆ ಮೀನು. ಕುಡಿಯುವ ನೀರಿಗೆ ನಾನು ನಲ್ಲಿಯ ಮುಂದೆ ಕೊಡ ಹಿಡಿದು ನಿಲ್ಲಬೇಕು, ಆ ಮಹಾರಾಯನಿಗೆ ಕಡಲೇ ಮನೆಬಾಗಿಲಿಗೆ ಬರಬೇಕು!

ಫೋಟೋಗ್ರಾಫರ್ ಜಟ್ಟಿಂಗಪ್ಪ ಕರಿ ಬಟ್ಟೆಯೊಳಗೆ ತಲೆ ತೂರಿಸಿ, ರೂಢಿಯಂತೆ, "ಅಲುಗಾಡ್ಬೇಡಿ, ಸ್ವಲ್ಪ ನಗಿ" ಎಂದ. ಮೀನು ಕೇಳಲಿಲ್ಲ. ಕ್ಯಾಮೆರಾದ ಪಕ್ಕ ನಿಂತಿದ್ದ ನಮ್ಮ ಯಜಮಾನರು ಕೇಳಿದರು. ಉಸಿರು ಬಿಗಿಹಿಡಿದು ನಕ್ಕರು.

ವಾರದ ಮೇಲೆ ಲಕೋಟೆ ಬಂತು. ಫೋಟೋದಲ್ಲಿ ಮೀನೇ ಇಲ್ಲ. ತೊಟ್ಟಿಯ ಗಾಜಿನಲ್ಲಿ ಮೂಡಿದ ನಮ್ಮ ಯಜಮಾನರು ಬನಿಯನ್ನಿನಲ್ಲಿ ಹಲ್ಲು ಕಿರಿಯುತ್ತಿದ್ದರು, ಅಷ್ಟೆ. ಜೊತೆಗೊಂದು ಚೀಟಿ. ಬರೆದವಳು ಜಟ್ಟಿಂಗಪ್ಪನ ಹೆಂಡತಿ ಕನ್ನಮ್ಮ. ಮದುವೆ ಗಂಡುಗಳ ಮುಖದ ಸಿಡುಬಿನ ಕಲೆಯನ್ನು ನೆಗೆಟಿವ್ ಮೇಲೆಯೇ ತಿದ್ದಿ ಅಳಿಸುವುದು ಸ್ಟುಡಿಯೋದಲ್ಲಿ ಅವಳ ಕೆಲಸ.

"ಕೆನ್ನೆ ಮೇಲೆ ಪಟ್ಟೆಪಟ್ಟೆ ಕಲೆ ಇತ್ತು, ಪೂರ್ತಿ ತೆಗ್ದಿದೀನಿ. ಇನ್ನು ಹೆಣ್ಣಿನ ಕಡೆಯವರಿಗೆ ಧೈರ್ಯವಾಗಿ ಕಳಿಸ್ಬಹುದು."

ಯಜಮಾನರು ಮೆಲ್ಲಗೆ ನನ್ನ ಮುಖ ನೋಡಿದರು.

"ಕಳ್ಸಿ" ಎಂದೆ. "ಹೊನ್ನಾವರದ ಹೆಣ್ಣನ್ನೇ ನೋಡಿ. ಬರ್ತಾ ನೀರೂ ತರ್ತಾಳೆ."