ಕಚ್ಚಾ ಹೊಲಿಗೆ

"ಉಸಿರು ಬಿಗಿ ಹಿಡೀಬೇಡ, ಬಿಡು. ಹೊಟ್ಟೆ ಎಷ್ಟಿದೆಯೋ ಅಷ್ಟೇ ಇರಲಿ. ಟೇಪಿನ ಮುಂದೆ ನಾಚಿಕೆ ಏನು?" ಎನ್ನುತ್ತಾ ಟೈಲರಮ್ಮ ಕಂಪ್ಯೂಟರ್ ಅಂಗಡಿಯವನ ಸೊಂಟದ ಸುತ್ತ ಟೇಪು ತಂದಳು.

"ಕೂತು ಮಾಡೋ ಕೆಲಸ ಅಕ್ಕಾ. ಹೊಟ್ಟೆ ತಾನಾಗೇ ಬರುತ್ತೆ."

"ನಾನೂ ಕೂತೇ ಮಾಡೋದು."

"ನೀವು ಮಿಷನ್ ತುಳೀತೀರಿ. ನಾನೇನು ತುಳೀಲಿ?"

ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನು ಬೀಳದ ಹಾಗೆ ಆಕೆ ಬಾಯಿಯ ಒಂದೇ ಬದಿಯಿಂದ ನಕ್ಕಳು.

ಬೀದಿಗೆ ಬಾಗಿಲಿದ್ದ ಆ ಮುಂದಿನ ಕೋಣೆಯೇ ಆಕೆಯ ಅಂಗಡಿ. ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಕಿಟಕಿಯ ಬೆಳಕಿಗೆ ಎದುರಾಗಿ ಕಪ್ಪು ಹೊಲಿಗೆ ಮಿಷನ್ನು, ಗೋಡೆಯ ಮೊಳೆಗಳಲ್ಲಿ ತೋಳಿಲ್ಲದ ಅಂಗಿಗಳು. ಒಳಕೋಣೆಯಲ್ಲಿ ಮಗಳು. ಗಂಡನ ಮನೆಯಿಂದ ಬಂದವಳು ಮತ್ತೆ ಹೋಗಿರಲಿಲ್ಲ. ಯಾರ‍್ಯಾರದೋ ಮದುವೆಯ ವಿಡಿಯೋಗಳನ್ನು ಕತ್ತರಿಸಿ ಜೋಡಿಸಿ ಕೊಡುವುದು ಅವಳ ಕೆಲಸ. ದೇವರಿಗೂ ತಮಾಷೆ ಬೇಕಾಗುತ್ತದೇನೋ ಎಂದು ತಾಯಿ ಒಮ್ಮೊಮ್ಮೆ ಅಂದುಕೊಳ್ಳುತ್ತಿದ್ದಳು, ಬಾಯಿಬಿಟ್ಟು ಅಲ್ಲ. ಹಳೆಯ ಲ್ಯಾಪ್‌ಟಾಪು ಈಗ ಆ ಭಾರ ಹೊರಲಾರದೆ ನಡುನಡುವೆ ನಿಂತುಬಿಡುತ್ತಿತ್ತು. ಆ ಹೊತ್ತಿಗೂ ಅದರ ಪರದೆಯ ಮೇಲೆ ಒಬ್ಬ ಮದುಮಗಳು ಅರ್ಧ ನಕ್ಕು, ಅಲ್ಲಿಗೇ ಕಲ್ಲಾಗಿ ನಿಂತಿದ್ದಳು.

"ನೋಡು, ಇವಳಿಗೆ ಒಂದು ಕಂಪ್ಯೂಟರ್ ಬೇಕು," ಎಂದಳು ಟೈಲರಮ್ಮ. "ಕೆಲಸ ಎಂಥದ್ದು ಅಂತ ಅವಳನ್ನೇ ಕೇಳ್ಕೊಂಡು, ನಾನು ನಿನಗೆ ಪ್ಯಾಂಟು ಹೊಲಿಯೋ ಹಾಗೆ ಅಳತೆಗೆ ಸರಿಯಾಗಿ ಮಾಡಿಕೊಡು."

"ಅದೇ ನನ್ನ ಕಸುಬಲ್ವಾ? ಆದ್ರೆ ಮೊನ್ನೆ ಅಂಗಡಿಗೆ ಬಂದಾಗ ನಿಮ್ಮ ಮಗಳು ಜೋಡಿಸಿಟ್ಟಿದ್ದನ್ನ ಕಣ್ಣೆತ್ತೂ ನೋಡ್ಲಿಲ್ಲ. ಬಿಡಿ ಭಾಗಗಳ ಕಪಾಟಿನ ಮುಂದೆನೇ ನಿಂತಿದ್ಲು."

"ಅಂದ್ರೆ?"

"ಮನೇಲೇ ಜೋಡಿಸ್ಕೊಳ್ಳೋ ಆಸೆ ಇರ್ಬೇಕು. ಈಗ ಒಂದು ಮಾತು ಕೇಳ್ತೀನಿ. ನಾನೇ ಮನೇಲಿ ಒಂದು ಅಂಗಿ ಹೊಲ್ಕೊಂಡು, ಅದನ್ನ ಹಾಕ್ಕೊಂಡು ನಿಮ್ಮ ಮುಂದೆ ಬಂದು ನಿಂತ್ರೆ ಏನ್ಮಾಡ್ತೀರಿ?"

"ನಗ್ತೀನಿ. ಆಮೇಲೆ ಬಿಚ್ಚಿ ಸರಿ ಮಾಡ್ತೀನಿ."

"ನಾನೂ ಅಷ್ಟೇ. ನಗ್ತೀನಿ, ಬಿಚ್ತೀನಿ. ಆ ಪಾಡು ಯಾಕೆ? ಮೊದಲೇ ಮಾಡಿಸ್ಬಿಡಿ."

ಆಕೆಗೂ ಅದೇ ಸರಿ ಎನಿಸಿತು. ಒಳಗಿನ ಬಾಗಿಲಿನತ್ತ ತಿರುಗಿ, "ಕೇಳಿಸ್ತೇನೇ ಪುಟ್ಟೀ? ಇವನ ಹತ್ರಾನೇ ಮಾಡಿಸೋಣ," ಎಂದಳು.

ಮಗಳು ಬಾಗಿಲಿಗೆ ಬಂದಳು. ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದಳು.

"ಮಾಡಿಸೋದು ಬೇಡಮ್ಮ. ಮಾಡ್ತೀನಿ."

ಟೈಲರಮ್ಮನ ಕೈಯಲ್ಲಿದ್ದ ಟೇಪು ಜೋತುಬಿತ್ತು. ಎರಡು ಮಾತಿಗೂ ಇದ್ದ ವ್ಯತ್ಯಾಸ ಎಷ್ಟು ಸಣ್ಣದು! ಬಂದ ದಿನದಿಂದ ಮಗಳ ಮಾತಿನಲ್ಲಿ ಮಾಡುವವರೇ ಇರಲಿಲ್ಲ. ಊಟ ಮಾಡಿದೆಯಾ ಎಂದರೆ "ಆಯ್ತು." ಮುಂದೇನು ಮಾಡಬೇಕೆಂದಿದ್ದೀ ಎಂದರೆ "ನೋಡೋಣ, ಆಗುತ್ತೆ." ಎಲ್ಲವೂ ಬಿಸಿಲು ಮಳೆಯ ಹಾಗೆ ತಾನಾಗಿಯೇ ಆಗಿಹೋಗುವಂಥದು. ಗಂಡನ ಮನೆಯಲ್ಲಿ ಅವಳ ಕೈಯ ಬಗ್ಗೆ ಒಂದು ಮಾತು ಹುಟ್ಟಿಕೊಂಡಿತ್ತು: ಇವಳು ಮುಟ್ಟಿದ್ದೆಲ್ಲ ಹಾಳು. ಯಾವತ್ತೋ ಗಾಜಿನ ಲೋಟ ಒಡೆದಾಗ ನಗೆಯಾಡಲು ಆಡಿದ್ದು ಬೆಳೆದು ಬೆಳೆದು, ಕಡೆಗೆ ಮದುವೆ ಮುರಿದಾಗಲೂ ಅದನ್ನೇ ಕಟ್ಟಿ ಕಳಿಸಿದ್ದರು.

ಅಂಥವಳು ಇವತ್ತು ಮಾಡ್ತೀನಿ ಎನ್ನುತ್ತಿದ್ದಾಳೆ.

ತಾಯಿಗೆ ಮೊದಲು ಹೆದರಿಕೆಯಾಯಿತು. ಇದೂ ಕೈಕೊಟ್ಟರೆ? ಆ ಮಾತನ್ನು ಹುಡುಗಿ ಇನ್ನು ಜನ್ಮವಿಡೀ ನಂಬಿಬಿಡುತ್ತಾಳೆ. ಅಂಗಡಿಯವನಿಂದ ಮಾಡಿಸಿದರೆ ಆ ಭಯವಿಲ್ಲ. ಆದರೆ ಬೇಡವೆಂದರೆ, ಅವರು ಆಡಿದ ಮಾತನ್ನೇ ತಾನೂ ಆಡಿದ ಹಾಗಾಗುತ್ತದೆ. ಆಕೆ ಪಿನ್ನನ್ನು ಬಾಯಿಂದ ತೆಗೆದು ರವಿಕೆಯ ತೋಳಿಗೆ ಚುಚ್ಚಿಕೊಂಡಳು.

"ಬಿಡಿ ಭಾಗಗಳನ್ನೇ ಕಳಿಸಪ್ಪಾ."

"ಆಮೇಲೆ ನನ್ನ ಬೈಬಾರ್ದು ಅಕ್ಕಾ."

"ಪ್ಯಾಂಟು ತೊಟ್ಟು ನೋಡೋಕೆ ಭಾನುವಾರ ಬಾ. ಬೈಗುಳ ಇದ್ರೆ ಆಗಲೇ ಕೊಡ್ತೀನಿ."

ಭಾನುವಾರ ಬೆಳಿಗ್ಗೆ ಉದ್ದ ಮೇಜಿನ ಮೇಲೆ ಒಂದು ಚೂರು ಬಟ್ಟೆಯೂ ಇರಲಿಲ್ಲ. ಬಿದ್ದ ಪಿನ್ನು ಎತ್ತುವ ಅಯಸ್ಕಾಂತವನ್ನು, ಕಂಪ್ಯೂಟರಿನ ಹತ್ತಿರ ಬೇಡವೆಂದು, ಮಗಳು ಒಯ್ದು ಅಡುಗೆಮನೆಯ ಕಿಟಕಿಯಲ್ಲಿಟ್ಟು ಬಂದಳು. ಆಮೇಲೆ ಡಬ್ಬಗಳನ್ನು ಒಂದೊಂದಾಗಿ ಬಿಚ್ಚಿದಳು. ಪ್ರತಿ ಭಾಗವನ್ನು ಎತ್ತಿಕೊಳ್ಳುವ ಮೊದಲು ಹೊಲಿಗೆ ಮಿಷನ್ನಿನ ಕಬ್ಬಿಣದ ಕಾಲನ್ನು ಮುಟ್ಟುತ್ತಿದ್ದಳು.

"ಮೈಯಲ್ಲಿರೋ ಕರೆಂಟು ಹೋಗ್ಲಿ ಅಂತ. ಇಲ್ದಿದ್ರೆ ಇವು ಕೆಡ್ತವಂತೆ."

ದಿನಾ ಬೆಳಿಗ್ಗೆ ತಾಯಿಯೂ ಆ ಮಿಷನ್ನನ್ನು ಮುಟ್ಟಿಯೇ ಕಣ್ಣಿಗೊತ್ತಿಕೊಂಡು ಕೂರುವವಳು. ಯಾವ ಕಾರಣಕ್ಕಾದರೂ ಸರಿ, ಮುಟ್ಟಲಿ.

ಆಕೆ ಅಂಗಡಿಯವನ ಪ್ಯಾಂಟನ್ನು ಮಡಿಲಲ್ಲಿ ಹರವಿಕೊಂಡು ಮೂಲೆಯಲ್ಲಿ ಕೂತಳು. ಈ ಮನೆಯಲ್ಲಿ ಯಾವ ಬಟ್ಟೆಯೂ ನೇರವಾಗಿ ಮಿಷನ್ನಿಗೆ ಹೋಗುವುದಿಲ್ಲ. ಮೊದಲು ಬಿಳಿ ನೂಲಿನಲ್ಲಿ ಉದ್ದುದ್ದ, ಸಡಿಲ ಸಡಿಲ ಕಚ್ಚಾ ಹೊಲಿಗೆ. ತೊಟ್ಟು ನೋಡಿ ಸರಿಬಂದರೆ ಮಾತ್ರ ಅದರ ಮೇಲೆ ಪಕ್ಕಾ ಹೊಲಿಗೆ. ಆಮೇಲೆ ಬಿಳಿ ನೂಲಿಗೆ ಅಲ್ಲಿ ಕೆಲಸವಿಲ್ಲ, ಎಳೆದು ತೆಗೆಯುವುದು. ಮಗಳು ಅಂಬೆಗಾಲಿಡುವಾಗಿನಿಂದ ಆ ಮೇಜಿನ ಕೆಳಗೆ, ಆ ಬಿಳಿ ನೂಲುಗಳಲ್ಲೇ ಆಡಿ ಬೆಳೆದವಳು.

ಮಧ್ಯಾಹ್ನಕ್ಕೆ ಮುಂಚೆ ಎಲ್ಲವೂ ಪೆಟ್ಟಿಗೆಯ ಒಳಗೆ ಸೇರಿತು. ಮಗಳು ತಾಯಿಯ ಮುಖ ನೋಡಿದಳು, ಸ್ವಿಚ್ಚು ಒತ್ತಿದಳು. ಒಳಗಿನ ಫ್ಯಾನುಗಳು ತಿರುಗಿದವು. ಒಂದು ಸಣ್ಣ ದೀಪ ಹತ್ತಿತು. ಪರದೆ ಮಾತ್ರ ಕಪ್ಪಗೇ ಇತ್ತು.

ಇಬ್ಬರೂ ಕಾದರು. ಫ್ಯಾನುಗಳು ತಮ್ಮ ಪಾಡಿಗೆ ತಾವು ತಿರುಗುತ್ತಿದ್ದವು. ಮಗಳು ಆರಿಸಿ ಮತ್ತೆ ಹಾಕಿದಳು. ಕಪ್ಪು. ಆ ಕಪ್ಪಿನಲ್ಲಿ ಇಬ್ಬರ ಮುಖವೂ ಕಾಣುತ್ತಿತ್ತು.

"ನನ್ನ ಕೈಯೇ ಹಾಗಲ್ವಾಮ್ಮ," ಎಂದಳು ಮಗಳು. ಅಳಲಿಲ್ಲ. ಎಂದೋ ಗೊತ್ತಿದ್ದದ್ದನ್ನು ಹೇಳುವ ಹಾಗೆ ಹೇಳಿ, ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು.

ಟೈಲರಮ್ಮ ಫೋನಿನತ್ತ ನೋಡಿದಳು. ಅಂಗಡಿಯವನಿಗೆ ಫೋನು ಮಾಡಿದರೆ ಓಡಿ ಬರುತ್ತಾನೆ, ನಕ್ಕು ಬಿಚ್ಚಿ ಸರಿಮಾಡುತ್ತಾನೆ, ಕಂಪ್ಯೂಟರು ಉಳಿಯುತ್ತದೆ. ಫೋನಿನವರೆಗೆ ಹೋದ ಕೈಯನ್ನು ಆಕೆ ಹಿಂದಕ್ಕೆ ತೆಗೆದುಕೊಂಡಳು. ದೇವರೇ, ನನಗೆ ಇದರಲ್ಲಿ ತಲೆಬುಡ ಗೊತ್ತಿಲ್ಲ, ಏನು ಕೇಳಬೇಕೋ ಅದನ್ನಾದರೂ ಬಾಯಿಗೆ ಕೊಡು, ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಬಾಯಿಗೆ ಬಂದದ್ದು ಬಟ್ಟೆ ತೊಟ್ಟು ನೋಡುವ ಗಿರಾಕಿಗಳನ್ನು ಕೇಳುವಂಥ ಮಾಮೂಲಿ ಮಾತು.

"ಎಲ್ಲಿ ಬಿಗಿ, ಎಲ್ಲಿ ಸಡಿಲ, ಹೇಳು ನೋಡೋಣ."

"ಏನಮ್ಮ ಹಾಗಂದ್ರೆ?"

"ನಂಗೇನು ಗೊತ್ತು? ಮೊದಲಿಂದ ಹೇಳು. ಹೇಗೆ ಕೂರಿಸ್ತಾ ಬಂದೆ?"

"ಮೊದಲು ಎಲ್ಲಾನೂ ಹಗುರವಾಗಿ ಕೂರಿಸಿದೆ. ಸರಿಯಾಗಿ ಹೊಂದುತ್ತಾ ನೋಡೋಣ ಅಂತ. ಆಮೇಲೆ ಒಂದೊಂದೇ ಗಟ್ಟಿಯಾಗಿ ಒತ್ಕೊಂಡು ಬಂದೆ. ಸ್ಕ್ರೂ ಎಲ್ಲ ಬಿಗಿ ಮಾಡ್ದೆ. ಇವೆರಡು ಮೆಮೊರಿ ಪಟ್ಟಿ ಮಾತ್ರ..." ಅವಳು ಅಲ್ಲೇ ನಿಂತಳು.

"ಮಾತ್ರ?"

"ತುಂಬ ತೆಳು ಅಮ್ಮ ಇವು. ಜೋರಾಗಿ ಒತ್ಬೇಕಂತೆ, ಎರಡು ತುದೀಲೂ ಟಕ್ ಅನ್ನೋವರೆಗೂ. ಮುರಿದುಬಿಡ್ತೀನೇನೋ ಅಂತ... ಆಮೇಲೆ ಒತ್ತೋಣ ಅಂತ ಬಿಟ್ಟಿದ್ದೆ."

ಟೈಲರಮ್ಮ ಮಗಳನ್ನು ನೋಡಿದಳು, ಮಡಿಲಲ್ಲಿದ್ದ ಪ್ಯಾಂಟನ್ನು ನೋಡಿದಳು. "ಅಯ್ಯೋ ನನ್ನ ತಾಯೀ! ಕಂಪ್ಯೂಟರಿಗೂ ಕಚ್ಚಾ ಹೊಲಿಗೆ ಹಾಕಿದೀಯೇನೇ?"

ಮಗಳು ಮೆಮೊರಿ ಪಟ್ಟಿಗಳತ್ತ ನೋಡಿದಳು. "ಹೂಂ," ಎಂದಳು. ಬಂದ ಮೇಲೆ ಮೊದಲ ಸಲ ಅವಳ ಮುಖದಲ್ಲಿ ನಗುವಿನಂಥದು ಏನೋ ಬಂದು, ಅರ್ಧಕ್ಕೆ ನಿಂತಿತು. "ಒತ್ತಿದಾಗ ಮುರಿದ್ರೆ?"

"ಮುರಿದ್ರೆ ಮುರೀಲಿ. ನನ್ನ ಕೈಲಿ ಎಷ್ಟು ಬಟ್ಟೆ ಕೆಟ್ಟಿಲ್ಲ? ಒತ್ತು."

ಮಗಳು ಸ್ವಿಚ್ಚು ಆರಿಸಿ ವೈರನ್ನೂ ಕಿತ್ತಳು. ಮಿಷನ್ನಿನ ಕಾಲು ಮುಟ್ಟಿದಳು. ಎರಡೂ ಹೆಬ್ಬೆರಳುಗಳನ್ನು ಪಟ್ಟಿಯ ತುದಿಗಳ ಮೇಲಿಟ್ಟು, ಕಣ್ಣು ಮುಚ್ಚಿ ಒತ್ತಿದಳು. ಏನೂ ಆಗಲಿಲ್ಲ. ತುದಿಗಾಲಲ್ಲಿ ನಿಂತು ಮೈಭಾರ ಹಾಕಿದಳು. ಟಕ್. ಆ ಸದ್ದಿಗೆ ಇಬ್ಬರೂ ಬೆಚ್ಚಿದರು, ಮುರಿದೇಹೋಯಿತೇನೋ ಎಂಬಂತೆ. ಮುರಿದಿರಲಿಲ್ಲ. ಎರಡನೆಯದನ್ನು ಒತ್ತುವಾಗ ಅವಳು ಕಣ್ಣು ತೆರೆದೇ ಇದ್ದಳು.

ಮಗಳು ವೈರು ಸಿಕ್ಕಿಸಿ ಸ್ವಿಚ್ಚು ಒತ್ತಿದಳು. ಪರದೆ ಮೊದಲು ಬೂದುಬಣ್ಣಕ್ಕೆ ತಿರುಗಿತು, ಆಮೇಲೆ ಬೆಳಗಿತು. ಟೈಲರಮ್ಮ ಮಿಷನ್ನಿನ ಮುಂದಿನ ಸ್ಟೂಲಿನ ಮೇಲೆ ಕುಸಿದು ಕೂತಳು. ಭುಜದಿಂದ ಬೆನ್ನಿಗೆ, ಬೆನ್ನಿನಿಂದ ಕಾಲಿಗೆ ಏನೋ ಇಳಿದು ನೆಲಕ್ಕೆ ಹೋದ ಹಾಗಾಯಿತು. ಎಷ್ಟು ದಿನದಿಂದ ಬಿಗಿ ಹಿಡಿದಿದ್ದ ಉಸಿರೋ ಅದು, ಬಿಟ್ಟಾಗಲೇ ಆಕೆಗೆ ತಿಳಿದದ್ದು.

"ಹತ್ತಿಸ್ದೆ ಅಮ್ಮ," ಎಂದಳು ಮಗಳು. "ನಾನು ಹತ್ತಿಸ್ದೆ."

ಸಂಜೆಯ ಹೊತ್ತಿಗೆ ಪೆಟ್ಟಿಗೆ ಒಳಕೋಣೆ ಸೇರಿತ್ತು. ಅಂಗಡಿಯವನು ಬಂದವನೇ ಪ್ಯಾಂಟನ್ನು ಮರೆತು ಅಲ್ಲಿಗೆ ಹೋದ. ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದು, "ಅಕ್ಕಾ, ಒಂದು ಫೋನೂ ಬರ್ಲಿಲ್ವಲ್ಲ! ನಗೋಣ, ಬಿಚ್ಚೋಣ ಅಂತ ಸ್ಕ್ರೂಡ್ರೈವರ್ ಜೇಬಲ್ಲೇ ಇಟ್ಕೊಂಡಿದ್ದೆ," ಎಂದ.

"ಬಿಚ್ಚೋದೇನೂ ಇಲ್ಲ. ಬೇಕಾದ್ರೆ ನಗು. ಮೊದಲು ಪ್ಯಾಂಟು ತೊಟ್ಕೋ."

ಪ್ಯಾಂಟು ಸರಿಯಾಗಿತ್ತು. ಅವನು ಮರುದಿನ ಬರುತ್ತೇನೆಂದು ಹೋದ ಮೇಲೆ ಆಕೆ ಕಿಟಕಿಯ ಕಡೆಯ ಬೆಳಕಿನಲ್ಲಿ ಮಿಷನ್ ತುಳಿದಳು. ಒಳಗೆ ಹೊಸ ಪರದೆಯ ಮೇಲೆ, ಅಷ್ಟು ದಿನ ಅರ್ಧದಲ್ಲೇ ನಿಂತಿದ್ದ ಮದುಮಗಳು ಎಲ್ಲೂ ತಡೆಯಿಲ್ಲದೆ ಪೂರ್ತಿ ನಕ್ಕು, ಪಕ್ಕದವರತ್ತ ತಿರುಗಿ ಏನನ್ನೋ ಹೇಳುತ್ತಿದ್ದಳು. ಟೈಲರಮ್ಮ ಗಂಟನ್ನು ಹಲ್ಲಿನಲ್ಲಿ ಕಡಿದು, ಬಿಳಿ ನೂಲಿನ ತುದಿ ಹಿಡಿದು ಎಳೆದಳು. ಅದು ಎಲ್ಲೂ ಸಿಕ್ಕಿಕೊಳ್ಳದೆ, ಉದ್ದಕ್ಕೂ ಸಲೀಸಾಗಿ ಬಂತು. ಆಕೆ ಅದನ್ನು ನಿಧಾನವಾಗಿ ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತಳು.