ಮಿಂಚುಳ್ಳಿಯ ಹಿಂಬದಿ

ಗೋಡೆಚಿತ್ರದ ಕೊನೆಯ ಹಾಳೆಯ ಗಾಳಿಗುಳ್ಳೆಗಳನ್ನು ಒತ್ತಿ ತೆಗೆದು, ಅಂಟಿಸುವವನು ಏಣಿಯಿಂದ ಇಳಿದ ಮೇಲೆಯೇ ಸೊಸೆಗೆ ಗೊತ್ತಾದದ್ದು, ಹಕ್ಕಿ ತಿರುಗಿ ನಿಂತಿದೆ ಎಂದು. ಅತ್ತೆ ಕಸೂತಿ ಹಾಕಿದ ಮಿಂಚುಳ್ಳಿಯ ಕೊಕ್ಕು ಬಾಗಿಲ ಕಡೆಗಿರಬೇಕಿತ್ತು. ಗೋಡೆಯ ಮೇಲಿನ ಈ ಹಕ್ಕಿಯದು ಗೋಡೆಯುದ್ದ ಸಾಗಿ ಕಿಟಕಿಯ ಗಾಜಿನ ಮೇಲೆ ಹೋಗಿ ಮುಗಿದಿತ್ತು. ರೆಕ್ಕೆಯ ಮೇಲೆ ಅಡ್ಡಾದಿಡ್ಡಿ ಎಳೆಗಳು, ಹೊಟ್ಟೆಯ ತುಂಬ ಮುಷ್ಟಿ ಗಾತ್ರದ ಗಂಟುಗಳು.

ಅಂಗೈಯಗಲದ ಆ ಬಟ್ಟೆಯನ್ನು ಚೌಕಟ್ಟಿನಿಂದ ಬಿಚ್ಚಿ ಮುದ್ರಣದ ಅಂಗಡಿಗೆ ಕೊಟ್ಟವಳು ಅವಳೇ. ವರ್ಷಗಟ್ಟಲೆ ಬಿಸಿಲು ಕುಡಿದು ಮುಂಬದಿ ಬಿಳಚಿಕೊಂಡಿತ್ತು. ಗೋಡೆಗೆ ಮುಖ ಮಾಡಿಕೊಂಡಿದ್ದ ಹಿಂಬದಿಯ ನೀಲಿ ಮಾತ್ರ ಹಾಗೇ ಉಳಿದಿತ್ತು. ಬಣ್ಣವಿರುವುದೇ ಮುಂಬದಿ ಎಂದುಕೊಂಡು ಅಂಗಡಿಯವರು ಅದನ್ನೇ ಹಿಗ್ಗಿಸಿದ್ದರು. ಫೋನಿನಲ್ಲಿ ಮಾದರಿ ಬಂದಾಗ ಇವಳೂ ಆ ನೀಲಿಗೆ ಮರುಳಾಗಿ ಹೂಂ ಅಂದಿದ್ದಳು.

ಅತ್ತೆಯ ಕಣ್ಣು ಮಬ್ಬಾಗಿ ಸೂಜಿ ಮೂಲೆ ಸೇರಿತ್ತು. ಚೌಕಟ್ಟಿನ ಮುಂದೆ ನಿಂತು, ಇಲ್ಲೊಂದು ಹಕ್ಕಿ ಇತ್ತಲ್ಲ ಎಂದು ಅವರು ಕೇಳಿದ ದಿನವೇ, ಅವರಿಗೆ ಕಾಣುವಷ್ಟು ದೊಡ್ಡ ಹಕ್ಕಿ ಮಾಡಿಸಬೇಕೆಂದು ಸೊಸೆ ನಿಶ್ಚಯಿಸಿದ್ದು. ಮಗಳ ಮನೆಗೆ ಹೋದವರು ಬರುವಷ್ಟರಲ್ಲಿ ಗೋಡೆಗೆ ಕಾಗದ, ಕಿಟಕಿಗೆ ಬೆಳಕು ಹಾಯುವ ತೆಳು ಹಾಳೆ. ಈಗ ನೋಡಿದರೆ, ಅವರು ಜೀವಮಾನವೆಲ್ಲ ಮುಚ್ಚಿಟ್ಟಿದ್ದನ್ನೇ ಮನೆಯಷ್ಟು ದೊಡ್ಡದು ಮಾಡಿ ತೋರಿಸಿದ ಹಾಗಾಗಿತ್ತು. ಮದುವೆಯಾದ ಹೊಸದರಲ್ಲಿ ಒಮ್ಮೆ ಕಸೂತಿಯನ್ನು ಮಗುಚಿ ನೋಡಿದ್ದಕ್ಕೆ ಅತ್ತೆ, "ಅದು ನನ್ನ ಒಳಮನೆ. ಬಾಗಿಲು ತಟ್ಟದೆ ಬರಬೇಡ" ಎಂದಿದ್ದರು.

ಕಿತ್ತುಬಿಡಿ ಎಂದಳು. ಈಗ ಕಿತ್ತರೆ ಗೋಡೆಯ ಸುಣ್ಣವೂ ಅದರ ಹಿಂದೆಯೇ ಹೊರಟುಬರುತ್ತದೆ ಎಂದ ಅಂಟಿಸುವವನು, ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ ಕೇಳಿದ್ದೇ ಏಣಿ ಮಡಚಿಕೊಂಡು ಜಾಗ ಖಾಲಿ ಮಾಡಿದ.

ಅತ್ತೆ ಹೊಸ್ತಿಲಲ್ಲೇ ನಿಂತರು. ಹಿಂದೆ ಚೀಲ ಹಿಡಿದ ಅವರ ಮಗ. ಅತ್ತೆ ಮೆಲ್ಲಗೆ ನಡೆದು ಬಂದು, ಮೂಗು ತಾಗುವಷ್ಟು ಹತ್ತಿರ ನಿಂತು, ಗೋಡೆಯ ಮೇಲೆ ಅಂಗೈ ಊರಿದರು.

"ಯಾರೇ ಇದನ್ನ ಮಗುಚಿದ್ದು?"

"ತಪ್ಪಾಯ್ತು ಅತ್ತೆ. ನಾನು..."

"ಸುಮ್ನಿರು. ಕಾಣಿಸ್ತಾ ಇದೆ."

ಅವರ ಕೈ ಹೆಬ್ಬೆರಳಿನಷ್ಟು ದಪ್ಪದ ಒಂದು ನೀಲಿ ಎಳೆಯನ್ನು ಹಿಡಿದು ಹೊರಟಿತು. ಬಾಲದಿಂದ ಬೆನ್ನಿಗೆ, ಬೆನ್ನಿನಿಂದ ರೆಕ್ಕೆಗೆ. ಇದೇ ನೀಲಿ, ಇದೇ, ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ದಾರ ಮುಗಿದದ್ದೆಲ್ಲಿ, ಹೊಸದು ಸೇರಿಸಿದ್ದೆಲ್ಲಿ ಎಂದು ದಾರಿ ಗುರುತಿಸುವವರಂತೆ ಅಲ್ಲಲ್ಲಿ ನಿಂತರು. ಸೊಸೆಯ ಕಣ್ಣು ಆ ಕೈಯ ಹಿಂದೆಯೇ ಹೋಯಿತು. ಅಂಗೈಯಗಲದ ಬಟ್ಟೆಯಲ್ಲಿ ಒಬ್ಬರು ಇಷ್ಟು ದೂರ ನಡೆದಿರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ.

ದೊಡ್ಡ ಗಂಟೊಂದರ ಹತ್ತಿರ ಕೈ ನಿಂತಿತು. "ಇಲ್ಲಿ ನಿನ್ನ ಗಂಡ ತೊಟ್ಟಿಲಲ್ಲಿ ಅರಚಿಕೊಂಡ. ಬಿಟ್ಟೆದ್ದು ಹೋದೆ. ನೋಡು, ಎಷ್ಟು ಕೆಟ್ಟದಾಗಿ ಬಿದ್ದಿದೆ."

"ಅದಕ್ಕೂ ನಾನೇ ಕಾರಣಾನಾ?" ಎಂದ ಮಗ. ಅತ್ತೆಯ ಕೈ ಆಗಲೇ ಮುಂದಕ್ಕೆ ಸರಿದಿತ್ತು.

ಎಳೆ ಕಿಟಕಿಯ ಚೌಕಟ್ಟು ದಾಟಿ ಗಾಜಿಗೆ ಇಳಿದಿತ್ತು. ಹೊರಗಿನ ಬಿಸಿಲು ಹಾಳೆಯೊಳಗಿಂದ ಹಾದು ಅತ್ತೆಯ ಬೆರಳು, ಕೆನ್ನೆ, ಬಿಳಿ ಕೂದಲು ಎಲ್ಲ ನೀಲಿಯಾಗಿದ್ದವು. ಸೊಸೆ ಹತ್ತಿರ ಹೋಗಲು ಒಂದು ಹೆಜ್ಜೆ ಎತ್ತಿ, ತಡೆದು, ಗೋಡೆಯ ಮೇಲೆ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದಳು.

"ಬಾ" ಎಂದರು ಅತ್ತೆ, ಗಾಜಿನಿಂದ ಕೈ ತೆಗೆಯದೆ.