ಹಾಗಲಕಾಯಿ ಮೋರೆ

ಕಹಿಯಿಲ್ಲದ ಹಾಗಲಕಾಯಿ ಬೆಳೆಸಲು ಹೊರಟಿದ್ದ ಆ ಪ್ರಯೋಗಾಲಯದಲ್ಲಿ ರುಚಿ ನೋಡುವವನ ಮಾತಿಗೆ ಮೂರು ಕಾಸಿನ ಕಿಮ್ಮತ್ತಿರಲಿಲ್ಲ. ಮಾತು ಸುಳ್ಳಾದೀತು, ಮುಖ ಆಗದು ಎಂಬುದು ಸಮಿತಿಯ ನಿಯಮ. ಆತ ಹಸಿ ಹೋಳು ಜಗಿಯಬೇಕು. ಮುಖ ಎಷ್ಟು ಹಿಂಡಿತೆಂದು ನೋಡಿ ಸಮಿತಿ ಅಂಕ ಹಾಕಬೇಕು. ವರ್ಷಗಟ್ಟಲೆ ಕಹಿ ಜಗಿದು ಜಗಿದು, ಪಾಪ, ಅವನ ಮುಖ ಹಿಂಡಿದ ಬಟ್ಟೆಯ ಹಾಗೆ ನಿಂತುಬಿಟ್ಟಿತ್ತು.

ಮನೆಯಲ್ಲಿ ಹೆಂಡತಿ ಏನು ಬಡಿಸಿದರೂ ಅದೇ ಮುಖ. “ಇನ್ನೊಂದು ವರ್ಷ ಈ ಮೋರೆಗೆ ಬಡಿಸೋಕೆ ನನ್ನ ಕೈಲಾಗಲ್ಲ ರೀ. ಈ ಸಲವೂ ಕಾಯಿ ಕಹಿ ಅಂತಾದ್ರೆ ನಾನು ಅಕ್ಕನ ಮನೆಗೆ ಹೊರಟೆ,” ಎಂದಿದ್ದಳು.

ಈ ಸಲ ವಿಜ್ಞಾನಿ ಮೇಡಂ, ‘ಕಹಿ ತಯಾರಿಸು’ ಎಂದು ಗಿಡದೊಳಗೆ ಓಡಾಡುವ ಅಪ್ಪಣೆಯನ್ನು ದಾರಿಯಲ್ಲೇ ಕತ್ತರಿಸಿ ಹಾಕುವ ಪುಟಾಣಿ ಆರ್‌ಎನ್‌ಎಗಳನ್ನು ಬಳ್ಳಿಗೆ ಸಿಂಪಡಿಸಿದ್ದರು. ಆತ ಹೋಳು ಬಾಯಿಗಿಟ್ಟ. ಅಬ್ಬಾ, ಕಹಿಯ ಸುಳಿವೇ ಇಲ್ಲ! ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಮುಖ ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ.

“ಹತ್ತಕ್ಕೆ ಹತ್ತು ಕಹಿ,” ಎಂದರು ಅಧ್ಯಕ್ಷರು. “ಮುಂದಿನ ವರ್ಷ ಮತ್ತೆ ಮೊದಲಿಂದ ಶುರು ಮಾಡಿ.”

“ಸಾರ್, ಸೌತೆಕಾಯಿ ತಿಂದಂಗಿದೆ!” ಎಂದ ಅವನು.

“ಮಾತು ಲೆಕ್ಕಕ್ಕಿಲ್ಲಪ್ಪ.”

“ಹಾಗಾದ್ರೆ ನೀವೇ ಒಂಚೂರು ತಿಂದು ನೋಡಿ,” ಎಂದರು ಮೇಡಂ.

“ನಮ್ಮ ಮುಖಕ್ಕೆ ಮಾನ್ಯತೆ ಇಲ್ಲಮ್ಮ.”

ಮುಖ ಓದುವ ತಜ್ಞರನ್ನು ಕರೆಸಲು ಮಾತ್ರ ಅವಕಾಶವಿತ್ತು. ಮೇಡಂ ತಲೆ ಓಡಿಸಿ ಅವನ ಹೆಂಡತಿಯನ್ನೇ ಕರೆಸಿದರು. ಅವಳು ಗಂಡನ ಗದ್ದ ಹಿಡಿದು ಅತ್ತಿತ್ತ ತಿರುಗಿಸಿ ನೋಡಿದಳು.

“ಕಹಿಯೂ ಇಲ್ಲ, ಮಣ್ಣೂ ಇಲ್ಲ. ಇದೇ ಮೋರೆ ಹಾಕ್ಕೊಂಡೇ ಇವರು ನನ್ನ ಹತ್ರ ಮತ್ತೆ ಮತ್ತೆ ಬಡಿಸ್ಕೊಳ್ಳೋದು. ಕಹಿಯಾದ್ರೆ ಎಡಗಿವಿ ಅಲ್ಲಾಡುತ್ತೆ.”

ಸಮಿತಿ ಅವನಿಗೆ ಮಾಮೂಲಿ ಹಾಗಲಕಾಯಿಯ ಹೋಳು ತಿನ್ನಿಸಿತು. ಕಿವಿ ಅಲ್ಲಾಡಿತು. ಹೊಸ ಕಾಯಿಯ ಹೋಳು ತಿನ್ನಿಸಿತು. ಕಿವಿ ಸುಮ್ಮನಿತ್ತು. ಮೇಡಂ ಗೆದ್ದರು.

ಅವನು ಮಾತ್ರ ಬೆಪ್ಪಾಗಿ ನಿಂತಿದ್ದ. “ಇಷ್ಟೆಲ್ಲ ಗೊತ್ತಿದ್ದೂ ಅಕ್ಕನ ಮನೆಗೆ ಹೊರಡ್ತೀನಿ ಅಂದ್ಯಲ್ಲೇ?”

“ನನಗೆ ಗೊತ್ತಿದ್ರೆ ಆಯ್ತಾ? ಒಂದ್ಸಲನಾದ್ರೂ ಬಾಯ್ಬಿಟ್ಟು ಹೇಳಿದ್ದೀರಾ?”

ಅವನಿಗೆ ನಾಚಿಕೆಯಾಯಿತು. ಮಾತು ಲೆಕ್ಕಕ್ಕಿಲ್ಲದ ಕಡೆ ದುಡಿದು ದುಡಿದು, ಮನೆಯಲ್ಲೂ ಮಾತಾಡುವುದನ್ನೇ ಬಿಟ್ಟಿದ್ದ.

“ನಿನ್ನ ಕೈ ಅಡುಗೆ ತುಂಬಾ ಚೆನ್ನಾಗಿರುತ್ತೆ ಕಣೇ,” ಎಂದ, ಹರಳೆಣ್ಣೆ ಕುಡಿದವನ ಮುಖದಲ್ಲಿ.

ಅಧ್ಯಕ್ಷರು ಅಭ್ಯಾಸಬಲದಿಂದ, “ಮಾತು ಲೆಕ್ಕಕ್ಕೆ...” ಎಂದು ಬಾಯಿ ತೆರೆದರು.

“ನೀವು ಸುಮ್ನಿರಿ ಸಾರ್,” ಎಂದು ಅವಳು ಗಂಡನ ಕಡೆ ತಿರುಗಿದಳು. “ರೀ, ಇನ್ನೊಂದ್ಸಲ ಹೇಳಿ.”